ಮಗು ಬಾಯಿ ಬಿಟ್ಟ ಮೇಲೆ: ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. 14 ವರ್ಷವಾಯಿತು. ನನ್ನ ರೂಮಿನ ಹೊರಗೆ ಒಂದು ಮರದ ಬೆಂಚಿದೆ. ದೌರ್ಜನ್ಯಕ್ಕೆ ಒಳಗಾದ ಮಕ್ಕಳನ್ನು ಕರೆದುಕೊಂಡು ಬಂದ ಅಮ್ಮ, ಅಪ್ಪ, ಅಜ್ಜಿ, ಸೋದರಮಾವ, ಕೆಲವು ಸಲ ಶಾಲೆಯ ಟೀಚರು, ಅಲ್ಲಿ ಕೂತು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಒಂದು ಕಡೆ ಬರೆದಿಡೋಣ ಅನ್ನಿಸಿತು. ಯಾರ ಗುರುತೂ ಸಿಗದ ಹಾಗೆ ಊರು, ವಯಸ್ಸು, ವಿವರ ಬದಲಿಸಿದ್ದೇನೆ, ಎರಡು ಮೂರು ಮನೆಗಳ ಕತೆಯನ್ನು ಒಂದೇ ಮಾಡಿದ್ದೇನೆ. ನಿಮ್ಮ ಮನೆಯ ಮಗು ಈಗಲೇ ಅಪಾಯದಲ್ಲಿದ್ದರೆ ಇದನ್ನು ಓದುತ್ತ ಕೂರಬೇಡಿ. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ, ಆಮೇಲೆ ಓದಿದರಾಯಿತು.

ನೀವು ಡಾಕ್ಟರಾ, ಪೊಲೀಸಾ, ಲಾಯರಾ?

ಮೂರೂ ಅಲ್ಲ. ಎಂಎಸ್‌ಡಬ್ಲ್ಯು ಓದಿ, ಅದಾದ ಮೇಲೆ ಮನೋವೈದ್ಯಕೀಯ ಸಮಾಜ ಕಾರ್ಯದಲ್ಲಿ ಎರಡು ವರ್ಷ ಎಂಫಿಲ್ ಮಾಡಿದವಳು ನಾನು. ಮಾತ್ರೆ ಬರೆಯುವುದಿಲ್ಲ. ತನಿಖೆ ಮಾಡುವುದಿಲ್ಲ. ಮಗುವಿನ ಮನಸ್ಸಿಗೆ ಬೇಕಾದ ಆಪ್ತಸಮಾಲೋಚನೆ ನನ್ನ ಕೆಲಸದ ಅರ್ಧ. ಇನ್ನರ್ಧ ಮಗುವಿನ ಸುತ್ತ ಇರುವುದನ್ನೆಲ್ಲ ಸರಿಪಡಿಸುವುದು: ಮನೆ, ಶಾಲೆ, ಬಾಡಿಗೆ, ಓಡಾಟದ ಖರ್ಚು, ಠಾಣೆ, ಕೋರ್ಟು, ನೆಂಟರ ಬಾಯಿ. ಈ ನೆಂಟರ ಬಾಯಿ ಅನ್ನೋದು ಯಾವ ಸಿಲೆಬಸ್‌ನಲ್ಲೂ ಇರಲಿಲ್ಲ, ಆದರೆ ನನ್ನ ಸಮಯ ಜಾಸ್ತಿ ಹೋಗುವುದು ಅಲ್ಲೇ.

ಅಂದ ಹಾಗೆ, ಜಿಲ್ಲಾ ಆಸ್ಪತ್ರೆಗಳಲ್ಲಿ ನಮ್ಮಂಥವರು ಇರುವುದರ ಹಿಂದೆ ನಮ್ಮ ಬಳ್ಳಾರಿ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಚಿಕಿತ್ಸೆಯನ್ನು ಪ್ರಯೋಗವಾಗಿ ಕೊಟ್ಟು ನೋಡಿದ್ದೇ ಮುಂದೆ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ದೌರ್ಜನ್ಯ ಅಂದ್ರೆ ಆ ಥರದ್ದು ಮಾತ್ರನಾ?

"ಆ ಥರದ್ದು" ಅಂತಲೇ ಎಲ್ಲರೂ ಕೇಳುತ್ತಾರೆ. ಲೈಂಗಿಕ ದೌರ್ಜನ್ಯ ಅಂತ ಬಾಯಲ್ಲಿ ಹೇಳಲು ಕಷ್ಟ, ನನಗೆ ಗೊತ್ತು. ಆದರೆ ಬರೀ ಅದೊಂದೇ ಅಲ್ಲ. ಬೆಲ್ಟಿನಲ್ಲಿ ಹೊಡೆಯುವುದು, ಬರೆ ಹಾಕುವುದು, ಊಟ ಹಾಕದೆ ಕೂಡಿಹಾಕುವುದು, ಕುಡಿದ ಅಪ್ಪ ಅಮ್ಮನನ್ನು ಬಡಿಯುವುದನ್ನು ದಿನಾ ನೋಡುವುದು, "ನೀನು ಹುಟ್ಟಲೇಬಾರದಿತ್ತು" ಅಂತ ಕೇಳಿಕೊಂಡೇ ಬೆಳೆಯುವುದು, ಇವೆಲ್ಲ ನಮ್ಮ ರೂಮಿಗೆ ಬರುತ್ತವೆ. 2007ರಲ್ಲಿ ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ತಂದಿತು. ಮೂವರಲ್ಲಿ ಇಬ್ಬರು ಮಕ್ಕಳು ಏಟು ತಿಂದಿದ್ದರು. ಅರ್ಧಕ್ಕಿಂತ ಜಾಸ್ತಿ, ಅಂದರೆ ಶೇ. 53ರಷ್ಟು ಮಕ್ಕಳು ಯಾವುದೋ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು. ಆ 13ರಲ್ಲಿ ಕರ್ನಾಟಕ ಇರಲಿಲ್ಲ. ಹಾಗಂತ ನಮ್ಮಲ್ಲಿ ಇಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮನೆಯಲ್ಲೇ ಆಗಲಿ, ಮಗುವನ್ನು ನೋಡಿಕೊಳ್ಳಬೇಕಾದವರೇ ಕ್ರೂರವಾಗಿ ನಡೆದುಕೊಂಡರೆ ಬಾಲ ನ್ಯಾಯ ಕಾಯ್ದೆ 2015ರ ಸೆಕ್ಷನ್ 75 ಇದೆ. "ನಮ್ಮಪ್ಪನೂ ಹೊಡೆದಿದ್ರು, ನಾನೇನು ಹಾಳಾದ್ನಾ?" ಅಂತ ಕೇಳುವ ಅಪ್ಪಂದಿರಿಗೆ ನಾನು ವಾದ ಮಾಡುವುದಿಲ್ಲ. ನಿಮ್ಮಪ್ಪ ಹೊಡೆದ ದಿನ ನಿಮಗೆ ಏನು ಅನ್ನಿಸಿತ್ತು ಅಂತ ಅಷ್ಟೇ ಕೇಳುತ್ತೇನೆ. ಕೆಲವರು ತುಂಬ ಹೊತ್ತು ಮಾತಾಡುತ್ತಾರೆ.

ಮಗು ನನ್ನ ಹತ್ರ ಹೇಳಿಬಿಟ್ಟಿದೆ. ಈಗ ನಾನು ಏನು ಹೇಳಲಿ?

ಇಡೀ ಪಟ್ಟಿಯಲ್ಲಿ ಒಂದೇ ಪ್ರಶ್ನೆಗೆ ಉತ್ತರ ಕೊಡು ಅಂದರೆ ಇದಕ್ಕೆ ಕೊಡುತ್ತೇನೆ. ನನ್ನ ಇಷ್ಟು ವರ್ಷದ ಅನುಭವದಲ್ಲಿ, ಮಗು ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಅನ್ನುವುದು ನಡೆದದ್ದು ಏನು ಅನ್ನುವುದರ ಮೇಲೆ ನಿಂತಿರುವಷ್ಟೇ, ಮಗು ಹೇಳಿದಾಗ ಎದುರಿಗಿದ್ದ ದೊಡ್ಡವರು ಏನು ಮಾಡಿದರು ಅನ್ನುವುದರ ಮೇಲೂ ನಿಂತಿರುತ್ತದೆ.

ಮೂರೇ ಮಾತು ಸಾಕು. "ನೀನು ಹೇಳಿದ್ದು ಒಳ್ಳೇದಾಯ್ತು." "ನಾನು ನಂಬ್ತೀನಿ." "ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ." ಆಮೇಲೆ ಸುಮ್ನೆ ಪಕ್ಕದಲ್ಲಿ ಕೂತಿರಿ. ಮಗು ಇನ್ನೂ ಹೇಳಿದರೆ ಕೇಳಿ, ಹೇಳದಿದ್ದರೆ ಕೆದಕಬೇಡಿ. ಎಷ್ಟು ಸಲ, ಎಲ್ಲಿ ಮುಟ್ಟಿದ, ನೀನ್ಯಾಕೆ ಕೂಗಲಿಲ್ಲ, ಇಷ್ಟು ದಿನ ಯಾಕೆ ಹೇಳಲಿಲ್ಲ, ಅಲ್ಲಿಗ್ಯಾಕೆ ಹೋದೆ, ಇವು ಯಾವೂ ಬೇಡ. "ಯಾಕೆ" ಅಂತ ಶುರುವಾಗುವ ಪ್ರಶ್ನೆ ಮಗುವಿನ ಕಿವಿಗೆ ಬೈಗುಳದ ಹಾಗೆ ಕೇಳುತ್ತದೆ. ಅಜ್ಜಿಗೆ ಒಂದು ಸಲ, ಚಿಕ್ಕಮ್ಮನಿಗೆ ಒಂದು ಸಲ, ಪಕ್ಕದ ಮನೆ ಆಂಟಿಗೆ ಒಂದು ಸಲ ಅಂತ ಮಗುವಿನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಲೂಬೇಡಿ. "ಯಾರಿಗೂ ಹೇಳಲ್ಲ, ದೇವರಾಣೆ" ಅಂತ ಮಾತು ಕೊಡಬೇಡಿ, ಯಾಕೆಂದರೆ ಹೇಳಲೇಬೇಕಾಗುತ್ತದೆ. ಮಗು ಆಡಿದ ಮಾತನ್ನು ಅದರ ಮಾತಲ್ಲೇ, ತಾರೀಖು ಹಾಕಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮಗು "ಮಾಮ ಕಚಗುಳಿ ಆಟ ಆಡ್ತಾರೆ" ಅಂದಿದ್ದರೆ ಹಾಗೇ ಬರೆಯಿರಿ, ನಿಮ್ಮ ಭಾಷೆಗೆ ತಿರುಗಿಸಬೇಡಿ.

ಇದನ್ನು ಓದುವ ಹೊತ್ತಿಗೆ ನೀವು ಆಗಲೇ ಬೈದು, ಹೊಡೆದೂ ಆಗಿದ್ದರೆ? ಒಬ್ಬ ತಾಯಿ ಹಾಗೇ ಬಂದಿದ್ದರು. ಮಗಳು ಹೇಳಿದ ತಕ್ಷಣ ಬೆನ್ನಿಗೆ ನಾಲ್ಕು ಬಾರಿಸಿದ್ದರಂತೆ. ಸಿಟ್ಟು ಮಗಳ ಮೇಲಲ್ಲ, ಆದರೆ ಕೈಗೆ ಸಿಕ್ಕಿದ್ದು ಮಗಳು. "ಇನ್ನು ಅವಳು ನನ್ನ ಹತ್ರ ಏನೂ ಹೇಳಲ್ಲ ಅಲ್ವಾ ಮೇಡಂ?" ಅಂತ ಕೇಳಿದರು. ಆಮೇಲೂ ಹೇಳಬಹುದು. ಅವತ್ತು ಸಂಜೆ ಮಗಳ ತಲೆ ಬಾಚುತ್ತ, "ಅವತ್ತು ಹೊಡೆದದ್ದು ಅಮ್ಮನ ತಪ್ಪು, ಅಮ್ಮಂಗೆ ಗಾಬರಿ ಆಗಿತ್ತು" ಅಂದರಂತೆ. ಹುಡುಗಿ ಏನೂ ಅನ್ನಲಿಲ್ಲ. ಮೂರು ದಿನ ಬಿಟ್ಟು ಉಳಿದದ್ದನ್ನು ಹೇಳಿದಳು.

ಮಗು ಏನೂ ಹೇಳ್ತಿಲ್ಲ, ಆದ್ರೆ ನನಗೆ ಅನುಮಾನ. ಹೇಗೆ ಗೊತ್ತಾಗುತ್ತೆ?

ಒಂದೇ ಗುರುತು ಅಂತ ಇಲ್ಲ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು, ರಾತ್ರಿ ಬೆಚ್ಚಿ ಏಳುವುದು, ಕಾರಣವಿಲ್ಲದ ಹೊಟ್ಟೆನೋವು, ಶಾಲೆಗೆ ಅಥವಾ ಟ್ಯೂಷನ್‌ಗೆ ಹೋಗಲ್ಲ ಅಂತ ಹಟ, ಒಬ್ಬ ನಿರ್ದಿಷ್ಟ ವ್ಯಕ್ತಿ ಬಂದಾಗ ಬಚ್ಚಿಟ್ಟುಕೊಳ್ಳುವುದು, ವಯಸ್ಸಿಗೆ ಮೀರಿದ ಲೈಂಗಿಕ ಮಾತು ಅಥವಾ ಆಟ, ದೊಡ್ಡ ಮಕ್ಕಳಲ್ಲಿ ಕೈ ಕೊಯ್ದುಕೊಳ್ಳುವುದು. ಇವು ಬೇರೆ ಕಾರಣಕ್ಕೂ ಬರುತ್ತವೆ. ಮನೆಯಲ್ಲಿ ಹೊಸ ತಂಗಿ ಹುಟ್ಟಿದರೂ ಮಗು ಹಾಸಿಗೆ ಒದ್ದೆ ಮಾಡಬಹುದು. ಆದರೆ ಇದ್ದಕ್ಕಿದ್ದಂತೆ ಬಂದ ಬದಲಾವಣೆ ಆದರೆ, ಅದರಲ್ಲೂ ಎರಡು ಮೂರು ಒಟ್ಟಿಗೆ ಬಂದರೆ, ತೋರಿಸಿ.

"ಹೆದರಿಕೆ ಬಿದ್ದಿದೆ" ಅಂತ ದೃಷ್ಟಿ ತೆಗೆಸಿ, ತಾಯಿತ ಕಟ್ಟಿಸಿ, ಆರು ತಿಂಗಳು ಕಳೆದ ಮೇಲೆ ನಮ್ಮ ಹತ್ತಿರ ಬರುವವರು ಬಹಳ. ತಾಯಿತ ಕಟ್ಟಬೇಡಿ ಅಂತ ನಾನು ಅನ್ನುವುದಿಲ್ಲ. ಕಟ್ಟಿಸಿಕೊಂಡೇ ಬನ್ನಿ, ಬೇಗ ಬನ್ನಿ ಅಂತೀನಿ. ಆ ಮಗುವಿಗೆ ಹೆದರಿಕೆ ಆಗಿರುವುದು ನಿಜ, ಅದು ಯಾರನ್ನು ಕಂಡು ಅನ್ನುವುದು ಪ್ರಶ್ನೆ.

ಮಕ್ಕಳು ಸುಳ್ಳು ಹೇಳಲ್ವಾ? ನಮ್ಮ ಮಗು ಹೇಳಿ, ಆಮೇಲೆ "ಹಾಗೇನೂ ಆಗಿಲ್ಲ" ಅಂದುಬಿಟ್ಟಿದೆ.

ಚಾಕಲೇಟ್ ಯಾರು ತಿಂದದ್ದು ಅನ್ನುವುದಕ್ಕೆ ಮಕ್ಕಳು ಸುಳ್ಳು ಹೇಳುತ್ತಾರೆ, ಯಾರು ಹೇಳಿಲ್ಲ? ಆದರೆ ತನಗೆ ಗೊತ್ತೇ ಇರಬಾರದ ಸಂಗತಿಯನ್ನು ಐದು ವರ್ಷದ ಮಗು ಕಟ್ಟಿ ಹೇಳುವುದು ಬಹಳ ಅಪರೂಪ.

ಹೇಳಿ ಮತ್ತೆ ಇಲ್ಲ ಅನ್ನುವುದು ನಮಗೆ ಆಶ್ಚರ್ಯದ ವಿಷಯವೇ ಅಲ್ಲ. ಅಮೆರಿಕದ ಮನೋವೈದ್ಯ ರೋಲಂಡ್ ಸಮಿಟ್ 1983ರಲ್ಲೇ ಇದನ್ನು ಬರೆದರು. ಮೊದಲು ಗುಟ್ಟು, ಆಮೇಲೆ ಏನೂ ಮಾಡಲಾಗದ ಸ್ಥಿತಿ, ಅದಕ್ಕೇ ಹೊಂದಿಕೊಂಡುಬಿಡುವುದು, ತಡವಾಗಿ ಅರೆಬರೆ ಹೇಳುವುದು, ಕೊನೆಗೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುವುದು. ನಮ್ಮ ಕಡೆ ಈ ಕೊನೆಯ ಹೆಜ್ಜೆ ಹೇಗೆ ಬರುತ್ತದೆ ನೋಡಿ. ಮಗು ಹೇಳಿತು. ಅಮ್ಮ ಎರಡು ದಿನ ಊಟ ಬಿಟ್ಟಳು. ಅಜ್ಜಿ "ನಿನ್ನಿಂದ ಮನೆ ಒಡೀತು" ಅಂದಳು. ಚಿಕ್ಕಪ್ಪ ಜೈಲಿಗೆ ಹೋದ, ಚಿಕ್ಕಮ್ಮ ಎರಡು ಕೂಸು ಕಟ್ಟಿಕೊಂಡು ಬಾಗಿಲಲ್ಲಿ ಅಳುತ್ತ ಕೂತಳು. ಇದನ್ನೆಲ್ಲ ಎಂಟು ವರ್ಷದ ಮಗು ನೋಡುತ್ತಿದೆ. ಒಂದು ಮಾತು "ಇಲ್ಲ" ಅಂದರೆ ಎಲ್ಲ ಮೊದಲಿನಂತೆ ಆಗುತ್ತದೆ ಅಂತ ಅದಕ್ಕೆ ಅನ್ನಿಸುತ್ತದೆ. ಇಲ್ಲ ಅಂದ ಕೂಡಲೇ ನಡೆದದ್ದು ನಡೆದಿಲ್ಲ ಅಂತ ಆಗುವುದಿಲ್ಲ.

ನಿಮ್ಮ ಹತ್ರ ಬಂದ್ರೆ ಪೊಲೀಸ್‌ಗೆ ಹೇಳಿಬಿಡ್ತೀರಾ?

ಲೈಂಗಿಕ ದೌರ್ಜನ್ಯ ಆದರೆ, ಹೌದು. ಇದನ್ನು ಮುಚ್ಚಿಟ್ಟು ನಿಮ್ಮನ್ನು ಒಳಗೆ ಕೂರಿಸಿಕೊಳ್ಳುವುದಿಲ್ಲ, ಮೊದಲೇ ಹೇಳುತ್ತೇನೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರ 19ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನ ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಅಂತ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ನಾನೂ, ಡಾಕ್ಟರೂ, ಹೆಡ್‌ಮಾಸ್ಟರೂ, ನೀವೂ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಸಂಸ್ಥೆ ನಡೆಸುವವರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. "ಶಾಲೆ ಹೆಸರು ಹಾಳಾಗುತ್ತೆ, ನಾವೇ ಒಳಗೊಳಗೆ ಬಗೆಹರಿಸಿಕೊಳ್ತೀವಿ" ಅನ್ನುವವರಿಗೆ ನಾನು ಈ ಸಾಲನ್ನು ಎರಡು ಸಲ ಓದಿ ಹೇಳುತ್ತೇನೆ.

ಈ ನಿಯಮದ ಬಗ್ಗೆ ನನಗೂ ಕಸಿವಿಸಿ ಇದೆ, ಸುಳ್ಳು ಯಾಕೆ ಹೇಳಲಿ. 17ರ ಹುಡುಗಿ, 19ರ ಹುಡುಗ, ಇಬ್ಬರೂ ಇಷ್ಟಪಟ್ಟು ಓಡಿಹೋದವರು, ಅವರೂ ಇದೇ ಕಾಯ್ದೆಯೊಳಗೆ ಬರುತ್ತಾರೆ. 2022ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಈ ವಯಸ್ಸಿನ ಮಿತಿ ಬಗ್ಗೆ ಕಾನೂನು ಆಯೋಗ ಮತ್ತೆ ಯೋಚಿಸಬೇಕು ಅಂದಿತು. ಆಯೋಗ 2023ರಲ್ಲಿ ವಯಸ್ಸು ಇಳಿಸುವುದು ಬೇಡ ಅಂತ ವರದಿ ಕೊಟ್ಟಿತು. ಗರ್ಭಿಣಿಯಾದ ಹುಡುಗಿ ಹೆದರಿ ನಕಲಿ ಡಾಕ್ಟರ ಹತ್ತಿರ ಹೋಗಬಾರದು ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಒಂದು ದಾರಿ ಮಾಡಿತು. ಹುಡುಗಿಯೂ ಪೋಷಕರೂ ಕೇಳಿಕೊಂಡರೆ, ಗರ್ಭಪಾತ ಮಾಡುವ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ಬಿಟ್ಟುಕೊಡಬೇಕಿಲ್ಲ.

ಠಾಣೆ, ಆಸ್ಪತ್ರೆ ಅಂತ ಅಲೆದಾಡಿ ಮಗು ಇನ್ನೂ ಹಾಳಾಗಲ್ವಾ?

ಸರಿಯಾಗಿ ನಡೆದರೆ ಅಲೆದಾಟ ಇರಬಾರದು. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಇಷ್ಟಪಟ್ಟ ಜಾಗದಲ್ಲೋ ಬರೆದುಕೊಳ್ಳಬೇಕು, ಸಾಧ್ಯವಾದ ಮಟ್ಟಿಗೆ ಮಹಿಳಾ ಸಬ್ ಇನ್‌ಸ್ಪೆಕ್ಟರೇ ಬರೆದುಕೊಳ್ಳಬೇಕು, ಯೂನಿಫಾರ್ಮ್ ಹಾಕಿರಬಾರದು. ಅಪ್ಪ ಅಮ್ಮ ಅಥವಾ ಮಗು ನಂಬುವ ಯಾರಾದರೂ ಜೊತೆಗಿರಬೇಕು. ರಾತ್ರಿ ಯಾವ ಮಗುವನ್ನೂ ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹೆಣ್ಣು ಮಗುವಾದರೆ ಮಹಿಳಾ ವೈದ್ಯರೇ ಪರೀಕ್ಷೆ ಮಾಡಬೇಕು. ಇವು ಅವರು ತೋರಿಸುವ ದಯೆಯಲ್ಲ, ಕಾಯ್ದೆಯಲ್ಲೇ ಇರುವುದು. ಆದ್ದರಿಂದ ದನಿ ತಗ್ಗಿಸಿ ಬೇಡಬೇಕಿಲ್ಲ, ಕೇಳಿ ಪಡೆಯಿರಿ. ಎಲ್ಲ ಕಡೆ ಹೀಗೇ ನಡೆಯುತ್ತದೆ ಅಂದರೆ ಸುಳ್ಳಾಗುತ್ತದೆ. ಏಳು ವರ್ಷದ ಮಗುವನ್ನು ಸಂಜೆವರೆಗೂ ಠಾಣೆಯ ವರಾಂಡದಲ್ಲಿ ಕೂರಿಸಿದ್ದನ್ನು ನಾನೇ ಕಂಡಿದ್ದೇನೆ. ಆ ದಿನ ನಾನು ಮಾಡಿದ್ದು ಇಷ್ಟೇ: ರಕ್ಷಣೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಫೋನ್ ಮಾಡಿದೆ, ಮಗುವಿಗೆ ಇಡ್ಲಿ ತರಿಸಿದೆ.

ಆಸ್ಪತ್ರೆಗೆ ಮಾತ್ರ ತಡ ಮಾಡಬೇಡಿ. ಘಟನೆ ನಡೆದು 72 ಗಂಟೆ ದಾಟಿಲ್ಲ ಅಂದರೆ ಎಚ್‌ಐವಿ ತಡೆಯುವ ಔಷಧಿ, ದೊಡ್ಡ ಹುಡುಗಿಯಾದರೆ ಗರ್ಭ ತಡೆಯುವ ಮಾತ್ರೆ, ಇವು ಕೆಲಸ ಮಾಡುತ್ತವೆ, ಅದೂ ಬೇಗ ಕೊಟ್ಟಷ್ಟೂ ಒಳ್ಳೆಯದು. ಸಾಕ್ಷ್ಯ ಸಿಗುವುದೂ ಮೊದಲ ಮೂರು ನಾಲ್ಕು ದಿನಗಳಲ್ಲಿ. ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಕರೆತನ್ನಿ. ಬಟ್ಟೆಯನ್ನು ಕಾಗದದ ಕವರಿನಲ್ಲಿ ಹಾಕಿ ತನ್ನಿ, ಪ್ಲಾಸ್ಟಿಕ್ ಬೇಡ. ಎಫ್‌ಐಆರ್ ತನ್ನಿ, ಆಮೇಲೆ ನೋಡ್ತೀವಿ ಅಂತ ಯಾವ ಆಸ್ಪತ್ರೆಯೂ ಹೇಳುವ ಹಾಗಿಲ್ಲ. ಚಿಕಿತ್ಸೆಗೆ ದುಡ್ಡೂ ಕೇಳುವ ಹಾಗಿಲ್ಲ.

ಇನ್ನೊಂದು. ಪರೀಕ್ಷೆ ಮಾಡಿ "ಗಾಯ ಏನೂ ಕಾಣಿಸ್ತಿಲ್ಲ" ಅಂದರೆ ಏನೂ ನಡೆದಿಲ್ಲ ಅಂತ ಅರ್ಥ ಅಲ್ಲ. ದೌರ್ಜನ್ಯಕ್ಕೆ ಒಳಗಾದ ಹೆಚ್ಚಿನ ಮಕ್ಕಳ ದೇಹದಲ್ಲಿ ಗುರುತು ಸಿಗುವುದೇ ಇಲ್ಲ. ಎರಡು ಬೆರಳಿನ ಪರೀಕ್ಷೆ, ಅಂದರೆ ಯೋನಿಯೊಳಗೆ ಬೆರಳು ಹಾಕಿ ನೋಡುವುದು, ಅನ್ನೋದನ್ನು ಯಾರಾದರೂ ಮಾಡಲು ಬಂದರೆ ತಡೆಯಿರಿ. ಅದು ತಪ್ಪು ಅಂತ ಸುಪ್ರೀಂ ಕೋರ್ಟ್ 2013ರಲ್ಲೂ ಹೇಳಿತ್ತು, 2022ರಲ್ಲಿ ಇನ್ನೂ ಗಟ್ಟಿಯಾಗಿ ಹೇಳಿತು.

ಬೆಂಬಲ ವ್ಯಕ್ತಿ ಅಂತ ಒಬ್ಬರು ಬಂದಿದ್ರು. ಅವರು, ನೀವು, ಇಬ್ಬರೂ ಯಾಕೆ?

ಪೊಲೀಸರು ಪ್ರಕರಣ ಗೊತ್ತಾದ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. 2020ರ ಪೋಕ್ಸೊ ನಿಯಮಗಳ ಪ್ರಕಾರ ಆ ಸಮಿತಿ ಬೆಂಬಲ ವ್ಯಕ್ತಿಯನ್ನು ನೇಮಿಸುತ್ತದೆ. ಅವರು ಕೇಸಿನ ದಾರಿಯುದ್ದಕ್ಕೂ ನಿಮ್ಮ ಜೊತೆ ನಡೆಯುವವರು: ಮುಂದಿನ ತಾರೀಖು ಯಾವಾಗ, ಆರೋಪಿಗೆ ಜಾಮೀನು ಸಿಕ್ಕಿತಾ, ಪರಿಹಾರದ ಅರ್ಜಿ ಎಲ್ಲಿದೆ, ಇದೆಲ್ಲ ಅವರು ಹೇಳುತ್ತಾರೆ. ಸರಿಹೋಗಲಿಲ್ಲ ಅಂದರೆ ಬದಲಿಸಿಕೊಡಿ ಅಂತ ಕೇಳಬಹುದು. ನಾನು ಮನಸ್ಸಿನ ಕಡೆಯವಳು. ಕೋರ್ಟು ಮುಗಿದ ಮೇಲೂ ನನ್ನ ಕೆಲಸ ಇರುತ್ತದೆ. ಇಬ್ಬರ ಫೋನ್ ನಂಬರನ್ನೂ ಇಟ್ಟುಕೊಳ್ಳಿ.

ಒಳಗೆ ಬಾಗಿಲು ಹಾಕಿಕೊಂಡು ಮಗು ಜೊತೆ ಏನು ಮಾಡ್ತೀರಾ?

ಮೊದಲ ಎರಡು ಮೂರು ಸಲ ಹೆಚ್ಚಾಗಿ ಚೌಕಾಬಾರ ಆಡುತ್ತೇವೆ. ತಮಾಷೆ ಅಲ್ಲ. ತನಗಿಂತ ದೊಡ್ಡವರ ಜೊತೆ ಒಂದು ರೂಮಿನಲ್ಲಿ ಕೂತರೂ ಏನೂ ಆಗುವುದಿಲ್ಲ, ಇಲ್ಲಿ ನಿಯಮ ಇಬ್ಬರಿಗೂ ಒಂದೇ, ಬೇಡ ಅಂದರೆ ಆಟ ನಿಲ್ಲುತ್ತದೆ, ಇಷ್ಟನ್ನು ಮಗುವಿನ ಮೈ ಕಲಿಯಬೇಕು. ಬಾಯಲ್ಲಿ ಹೇಳಿದರೆ ಕಲಿಯುವುದಿಲ್ಲ. ಬಾಗಿಲಿಗೆ ಚಿಲಕ ಹಾಕುವುದಿಲ್ಲ, ಅಮ್ಮ ಎಲ್ಲಿ ಕೂತಿದ್ದಾರೆ ಅಂತ ಮಗುವಿಗೆ ಕಾಣುತ್ತಿರುತ್ತದೆ.

ಆಮೇಲೆ ಹೆದರಿಕೆ ಬಂದಾಗ ಮೈಯಲ್ಲಿ ಏನಾಗುತ್ತದೆ ಅನ್ನುವುದನ್ನು ಕಲಿಯುತ್ತೇವೆ. ಎದೆ ಡವಡವ, ಕೈ ತಣ್ಣಗೆ, ಹೊಟ್ಟೆ ಹಿಂಡಿದ ಹಾಗೆ. ಉಸಿರಾಟದ ಅಭ್ಯಾಸಕ್ಕೆ ನಾನು ಹೇಳಿಕೊಡುವುದು ಬಿಸಿ ಸಾರು: ಮೂಗಿನಲ್ಲಿ ಒಗ್ಗರಣೆಯ ಘಮ ಎಳೆದುಕೋ, ಬಾಯಲ್ಲಿ ನಿಧಾನಕ್ಕೆ ಊದಿ ಆರಿಸು. ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ. ಮನೆಯಲ್ಲಿ ಅಪ್ಪನಿಗೂ ಕಲಿಸುತ್ತಾರೆ. ಸಿಟ್ಟು, ನಾಚಿಕೆ, ಹೇಸಿಗೆ, ಅಯ್ಯೋ ಪಾಪ ಅನ್ನಿಸುವುದು, ಇವಕ್ಕೆಲ್ಲ ಹೆಸರಿಡುವುದನ್ನೂ ಕಲಿಯುತ್ತೇವೆ. ಹೌದು, ಅಯ್ಯೋ ಪಾಪ ಕೂಡ. ತನಗೆ ಹಾಗೆ ಮಾಡಿದವರ ಮೇಲೇ ಮಗುವಿಗೆ ಪ್ರೀತಿ ಇರಬಹುದು. ಅವನು ಸೈಕಲ್ ಕಲಿಸಿದ್ದನಲ್ಲ. ಆ ಪ್ರೀತಿಗೆ ಬೈಯಬಾರದು.

ಮಗು ಗಟ್ಟಿಯಾದ ಮೇಲೆ, ತಾನು ಸಿದ್ಧ ಅಂದ ಮೇಲೆ, ನಡೆದದ್ದನ್ನು ಸ್ವಲ್ಪ ಸ್ವಲ್ಪವಾಗಿ ಹೇಳುವುದು ಬರುತ್ತದೆ. ಕೆಲವರು ಚಿತ್ರ ಬರೆಯುತ್ತಾರೆ, ಕೆಲವರು ಕತೆ ಪುಸ್ತಕ ಮಾಡುತ್ತಾರೆ. ಮೊದಲ ಪುಟದಲ್ಲಿ ನನ್ನ ಹೆಸರು, ನನ್ನ ನಾಯಿಮರಿ, ನನಗಿಷ್ಟದ ಹಬ್ಬ, ನಡುವೆ ಎಲ್ಲೋ ಆ ದಿನ, ಆಮೇಲೆ ಮತ್ತೆ ನಾಯಿಮರಿ. ಆಘಾತದ ನೆನಪಿಗೆ ಮಾಡುವ ಈ ಬಗೆಯ ಚಿಕಿತ್ಸೆಯನ್ನು ಅಮೆರಿಕದಲ್ಲಿ ಕೋಹೆನ್, ಮನ್ನರಿನೋ, ಡೆಬ್ಲಿಂಗರ್ ಅನ್ನುವ ಮೂವರು ರೂಪಿಸಿದರು. ನಾವು ಅದನ್ನು ನಮ್ಮ ಮಕ್ಕಳಿಗೆ ಹೊಂದಿಸಿಕೊಂಡಿದ್ದೇವೆ. ಎಷ್ಟು ಸಲ ಬರಬೇಕು ಅಂದರೆ, ವಾರಕ್ಕೊಂದರಂತೆ ಮೂರು ನಾಲ್ಕು ತಿಂಗಳು ಅಂತ ಇಟ್ಟುಕೊಳ್ಳಿ. ಕೆಲವರಿಗೆ ಜಾಸ್ತಿ ಬೇಕು. ಕೆಲವರಿಗೆ ಐದು ಸಲ ಸಾಕಾಗಿದ್ದೂ ಇದೆ.

ಒಳಗೆ ಏನು ಹೇಳಿದಳು ಅಂತ ಹೊರಗೆ ಬಂದ ಕೂಡಲೇ ಕೇಳಬೇಡಿ. ಜೀವಕ್ಕೆ ಅಪಾಯ ಇರುವ ಮಾತಾದರೆ ನಾನೇ ಹೇಳುತ್ತೇನೆ.

ಮಗುವಿಗಿಂತ ನನ್ನ ಜೊತೆನೇ ಜಾಸ್ತಿ ಮಾತಾಡ್ತೀರಲ್ಲ ಮೇಡಂ, ಯಾಕೆ?

ನಾನು ಮಗುವನ್ನು ನೋಡುವುದು ವಾರಕ್ಕೆ ಮುಕ್ಕಾಲು ಗಂಟೆ. ಉಳಿದ ಹೊತ್ತೆಲ್ಲ ಮಗು ನಿಮ್ಮ ಹತ್ತಿರ ಇರುತ್ತದೆ. ಔಷಧಿ ಇರುವುದು ನಿಮ್ಮ ಕೈಯಲ್ಲಿ, ನಾನು ಅಳತೆ ಹೇಳಿಕೊಡುವವಳು ಅಷ್ಟೇ.

ತಾಯಂದಿರು ಬಂದು ಕೂತ ಕೂಡಲೇ ಹೇಳುವ ಮಾತು ಒಂದೇ: "ನನಗೆ ಗೊತ್ತಾಗಲೇ ಇಲ್ಲವಲ್ಲ." ಮನೆಯವರೂ ಅದನ್ನೇ ಹೇಳಿ ಚುಚ್ಚಿರುತ್ತಾರೆ. ಗಾರ್ಮೆಂಟ್ಸ್‌ಗೆ ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಏಳಕ್ಕೆ ಬರುವ ತಾಯಿ, ನಂಬಿದ ಮನೆಯಲ್ಲಿ ಮಗುವನ್ನು ಬಿಟ್ಟು ಹೋದದ್ದು ಅವಳ ತಪ್ಪಾ? ನಂಬಿಕೆ ಮುರಿದವನ ತಪ್ಪು. 2007ರ ಆ ವರದಿಯಲ್ಲೂ ದೌರ್ಜನ್ಯ ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದವರೇ ಆಗಿದ್ದರು. ಕೆಲವು ತಾಯಂದಿರಿಗೆ ಅವರ ಬಾಲ್ಯದ್ದೇ ಗಾಯ ಇರುತ್ತದೆ, ಮಗಳ ಮಾತು ಕೇಳಿದ ದಿನ ಅದೂ ಬಾಯಿ ಬಿಡುತ್ತದೆ. ಆಗ ಅವರಿಗೇ ಬೇರೆ ಹೊತ್ತು ಕೊಡುತ್ತೇನೆ.

ಅಪ್ಪಂದಿರದು ಬೇರೆ ಥರ. "ಅವನನ್ನ ಕಡಿದು ಹಾಕ್ತೀನಿ" ಅಂತ ಮಗುವಿನ ಮುಂದೆ ಕೂಗಾಡುತ್ತಾರೆ. ಸಂಕಟ ಅರ್ಥವಾಗುತ್ತದೆ. ಆದರೆ ಮಗು ಲೆಕ್ಕ ಹಾಕುವುದು ಹೀಗೆ: ನಾನು ಹೇಳಿದ್ದರಿಂದ ಅಪ್ಪ ಜೈಲಿಗೆ ಹೋಗ್ತಾರೆ. ಮುಂದಿನ ಸಲ ಅದು ಬಾಯಿ ಬಿಡುವುದಿಲ್ಲ. ಇನ್ನು ಕೆಲವು ಅಪ್ಪಂದಿರು ಮಗಳನ್ನು ಮುಟ್ಟಲೇ ಹೆದರುತ್ತಾರೆ, ತಲೆ ಸವರುವುದೂ ನಿಲ್ಲಿಸುತ್ತಾರೆ. ಮಗಳಿಗೆ ತಾನು ಮೈಲಿಗೆಯಾದೆ ಅನ್ನಿಸುತ್ತದೆ. ಮೊದಲಿನ ಹಾಗೇ ಇರಿ. ಸಂಜೆ ಬರುವಾಗ ಬೋಂಡಾ ತರುತ್ತಿದ್ದರೆ ಈಗಲೂ ತನ್ನಿ.

ಅಣ್ಣ ತಂಗಿಯರನ್ನೂ ಮರೆಯಬೇಡಿ. ಎಲ್ಲರೂ ಪಿಸುಗುಟ್ಟುವ ಮನೆಯಲ್ಲಿ ಅವರು ಏನೇನೋ ಊಹಿಸಿಕೊಂಡು ಮೂಲೆ ಸೇರಿರುತ್ತಾರೆ.

ಮಾಡಿದವರು ಮನೆಯವರೇ ಆದ್ರೆ? ಮಗುವನ್ನ ನಮ್ಮಿಂದ ಕಿತ್ತುಕೊಳ್ತಾರಾ?

ಮನೆಯಿಂದ ಹೊರಗೆ ಹೋಗಬೇಕಾದವನು ಮಾಡಿದವನು, ಮಗು ಅಲ್ಲ. ನಾನು ಯಾವಾಗಲೂ ಅಲ್ಲಿಂದಲೇ ಮಾತು ಶುರು ಮಾಡುತ್ತೇನೆ. ಮಗು ಅವನ ಜೊತೆ ಒಂದೇ ಮನೆಯಲ್ಲಿ ಇರುವ ಹಾಗಿದ್ದರೆ ಪೊಲೀಸರು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಸಮಿತಿ ಅಜ್ಜಿ ಮನೆಯೋ, ದೊಡ್ಡಮ್ಮನ ಮನೆಯೋ ಇದೆಯಾ ಅಂತ ನೋಡುತ್ತದೆ. ಎಲ್ಲೂ ಸುರಕ್ಷಿತ ಅಲ್ಲ ಅಂದಾಗ ಮಕ್ಕಳನ್ನು ಇಟ್ಟು ನೋಡಿಕೊಳ್ಳುವ ಬಾಲಮಂದಿರ. ಸಮಿತಿಗೆ ಮನೆಯ ವರದಿ ಬೇಕಾದಾಗ ನಮ್ಮಂಥವರೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರೋ ಮನೆಗೆ ಬರುತ್ತೇವೆ. ಬಂದಾಗ ಪಾತ್ರೆ ತೊಳೆದಿಲ್ಲ ಅಂತ ನಾಚಿಕೊಳ್ಳಬೇಡಿ, ನಾವು ನೋಡುವುದು ಮಗು ಎಲ್ಲಿ ಮಲಗುತ್ತದೆ, ಯಾರ ಪಕ್ಕ ಮಲಗುತ್ತದೆ ಅನ್ನುವುದನ್ನು.

ಗಂಡನೇ ಮಾಡಿದ್ದಾದರೆ ಹೆಂಡತಿಯ ಮುಂದಿರುವ ಮೊದಲ ಪ್ರಶ್ನೆ ಕಾನೂನಿನದ್ದಲ್ಲ, ಅಕ್ಕಿಯದ್ದು. ಬಾಡಿಗೆ ಯಾರು ಕಟ್ಟುತ್ತಾರೆ? ಇದಕ್ಕೆ ಉತ್ತರ ಸಿಗದ ಕಾರಣಕ್ಕೇ ಎಷ್ಟೋ ದೂರುಗಳು ವಾಪಸ್ ಆಗುತ್ತವೆ. ಹಾಗಾಗಿ ರೇಷನ್ ಕಾರ್ಡು, ಕೆಲಸ, ಹಾಸ್ಟೆಲ್ ಸೀಟು, ತವರಿನವರ ಜೊತೆ ಮಾತು, ಇವನ್ನೂ ನಾನು ಚಿಕಿತ್ಸೆ ಅಂತಲೇ ಬರೆದುಕೊಳ್ಳುತ್ತೇನೆ.

ಗಂಡು ಹುಡುಗ ಅಲ್ವಾ, ಏನಾಗುತ್ತೆ?

ಅದೇ ಆಗುತ್ತದೆ. ಪೋಕ್ಸೊ ಗಂಡು ಹೆಣ್ಣು ಅಂತ ಭೇದ ಮಾಡುವುದಿಲ್ಲ, ನೀವೂ ಮಾಡಬೇಡಿ.

ಚಿಕ್ಕ ಮಗು, ಮರೆತುಹೋಗುತ್ತೆ. ಸುಮ್ನೆ ಯಾಕೆ ನೆನಪು ಮಾಡಿಸೋದು?

ನೀವು ಮಾತಾಡದಿದ್ದರೆ ಮಗು ಮರೆಯುತ್ತದೆ ಅಂತಲ್ಲ, ಇದು ಮಾತಾಡಬಾರದ ವಿಷಯ ಅಂತ ಕಲಿಯುತ್ತದೆ. ಮೂರು ವರ್ಷದ ಮಗುವಿಗೆ ಘಟನೆಯ ನೆನಪು ಸರಿಯಾಗಿ ಉಳಿಯದೇ ಇರಬಹುದು, ಬಾತ್‌ರೂಮಿನ ಬಾಗಿಲು ಹಾಕಿದರೆ ಕಿರುಚುವುದು ಮಾತ್ರ ಉಳಿಯುತ್ತದೆ. ಹಾಗಂತ ದಿನಾ ಕೂರಿಸಿಕೊಂಡು ಮಾತಾಡಿಸಿ ಅಂತಲೂ ಅಲ್ಲ. ಮಗು ಎತ್ತಿದಾಗ ತಪ್ಪಿಸಿಕೊಳ್ಳಬೇಡಿ, ಅಷ್ಟೇ.

ಮುಂದೆ ಇವಳ ಮದುವೆ?

ಹುಡುಗಿಗೆ ಒಂಬತ್ತು ವರ್ಷ. ಈ ಪ್ರಶ್ನೆ ಕೇಳಿದಾಗ ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಈಗ ಬರುವುದಿಲ್ಲ. ಮಗುವಿನ ಹೆಸರು, ಫೋಟೊ, ಶಾಲೆ, ವಿಳಾಸ, ಯಾವುದನ್ನೂ ಪತ್ರಿಕೆಯಾಗಲಿ ಟಿವಿಯಾಗಲಿ ಹಾಕುವಂತಿಲ್ಲ. ಪೋಕ್ಸೊ ಸೆಕ್ಷನ್ 23 ಅದನ್ನು ತಡೆಯುತ್ತದೆ. ಬಾಗಿಲು ಹಾಕಿಯೇ ವಿಚಾರಣೆ ನಡೆಯುತ್ತದೆ. ಊರಿಗೆಲ್ಲ ಗೊತ್ತಾಗುವುದು ಸಾಮಾನ್ಯವಾಗಿ ನೆಂಟರ ವಾಟ್ಸ್ಆ್ಯಪ್ ಗುಂಪಿನಿಂದ. ಅಲ್ಲಿ ಬಾಯಿ ಮುಚ್ಚಿಸುವ ಕೆಲಸವನ್ನು ಮನೆಯ ಹಿರಿಯರೊಬ್ಬರಿಗೆ ವಹಿಸಿ. ಹದಿನೇಳಕ್ಕೇ ಮದುವೆ ಮಾಡಿ ಕೈ ತೊಳೆದುಕೊಳ್ಳೋಣ ಅನ್ನುವ ಯೋಚನೆ ಇದ್ದರೆ, ಅದು ಇನ್ನೊಂದು ಅಪರಾಧ.

ಕೋರ್ಟಲ್ಲಿ ಮಗು ಅವನನ್ನ ನೋಡಬೇಕಾಗುತ್ತಾ? ಅಲ್ಲಿವರೆಗೆ ಕೌನ್ಸೆಲಿಂಗ್ ಬೇಡ ಅಂದ್ರು, ಸಾಕ್ಷಿ ಹಾಳಾಗುತ್ತಂತೆ.

ನೋಡಬೇಕಿಲ್ಲ. ನಡುವೆ ಪರದೆ ಇಡಬಹುದು, ವಿಡಿಯೊ ಮೂಲಕ ಕೇಳಬಹುದು. ಆರೋಪಿಯ ವಕೀಲರು ನೇರವಾಗಿ ಮಗುವಿಗೆ ಪ್ರಶ್ನೆ ಎಸೆಯುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಮಗುವಿಗೆ ಆಗಾಗ ಬಿಡುವು ಕೊಡಬೇಕು. ಪ್ರಕರಣವನ್ನು ಕೋರ್ಟ್ ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ, ಆದಷ್ಟೂ ಒಂದು ವರ್ಷದೊಳಗೆ ಇಡೀ ವಿಚಾರಣೆ ಮುಗಿಯಬೇಕು ಅಂತ ಕಾಯ್ದೆ ಹೇಳುತ್ತದೆ. ಎಷ್ಟೋ ಸಲ ಮುಗಿಯುವುದಿಲ್ಲ. ಎಂಟರಲ್ಲಿ ದೂರು ಕೊಟ್ಟ ಹುಡುಗಿ ಹನ್ನೊಂದರಲ್ಲಿ ಸಾಕ್ಷಿ ಹೇಳಿದ್ದು ಇದೆ, ಅಷ್ಟು ಹೊತ್ತಿಗೆ ಅವಳು ಮತ್ತೆ ನಗುವುದನ್ನು ಕಲಿತಿದ್ದಳು, ಸಮನ್ಸ್ ಬಂದ ವಾರ ಮತ್ತೆ ಹಾಸಿಗೆ ಒದ್ದೆ.

ಅದಕ್ಕೇ ಕೌನ್ಸೆಲಿಂಗ್ ನಿಲ್ಲಿಸಬೇಡಿ. ಕೋರ್ಟಲ್ಲಿ ಏನು ಹೇಳಬೇಕು ಅಂತ ನಾವು ಕಲಿಸುವುದಿಲ್ಲ, ಕಲಿಸಲೂಬಾರದು. ಕೋರ್ಟು ಅಂದರೆ ಏನು, ಯಾರು ಎಲ್ಲಿ ಕೂರುತ್ತಾರೆ, ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅನ್ನಬಹುದು, ಉಚ್ಚೆ ಬಂದರೆ ಕೇಳಬಹುದು, ಇಷ್ಟನ್ನು ಹೇಳಿಕೊಡುತ್ತೇವೆ. ಮಗುವಿನ ಮನಸ್ಸು ಮೂರು ವರ್ಷ ತಾರೀಖಿಗೆ ಕಾಯುತ್ತ ಕೂರಲು ಆಗುವುದಿಲ್ಲ.

ದುಡ್ಡಿನ ಸಹಾಯ ಏನಾದ್ರೂ ಸಿಗುತ್ತಾ?

ಸಿಗುತ್ತದೆ, ಕೇಳಿದರೆ. ಊಟ, ಬಟ್ಟೆ, ಓಡಾಟದಂಥ ತಕ್ಷಣದ ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು, ಅದು ಒಂದು ವಾರದೊಳಗೆ ಕೈಗೆ ಬರಬೇಕು. ಕೇಸು ಮುಗಿಯುವ ಮೊದಲೇ ಮಧ್ಯಂತರ ಪರಿಹಾರ ಕೊಡಿಸಲು ವಿಶೇಷ ನ್ಯಾಯಾಲಯಕ್ಕೆ ಅಧಿಕಾರ ಇದೆ. ಆರೋಪಿ ಖುಲಾಸೆ ಆದರೂ ಪರಿಹಾರ ಸಿಗಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರೂ ಉಚಿತ. ಮಗುವಿನ ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಫ್‌ಐಆರ್ ಪ್ರತಿ ಒಂದು ಫೈಲಿನಲ್ಲಿರಲಿ. "ಪರಿಹಾರ ತಗೊಂಡ್ರೆ ಮಗಳನ್ನ ಮಾರಿಕೊಂಡ ಹಾಗೆ" ಅಂತ ಒಬ್ಬ ಅಜ್ಜ ಹೇಳಿದ್ದರು. ಆ ದುಡ್ಡಲ್ಲಿ ಅವಳ ಕಾಲೇಜು ಆಗುತ್ತದೆ ಅಜ್ಜಾ ಅಂದೆ.

ಶಾಲೆಗೆ ಹೇಳಬೇಕಾ?

ಎಲ್ಲರಿಗೂ ಬೇಡ. ಒಬ್ಬ ಟೀಚರಿಗೆ ಸಾಕು, ಮಗು ಆರಿಸಿದವರಿಗೆ. "ಕೆಲವು ದಿನ ಇವಳಿಗೆ ಕಷ್ಟ ಇದೆ, ಬೇಕಾದಾಗ ಹೊರಗೆ ಹೋಗಿ ನೀರು ಕುಡಿದು ಬರಲು ಬಿಡಿ" ಅಂದರೆ ಅವರಿಗೆ ಅರ್ಥವಾಗುತ್ತದೆ. ಶಾಲೆ ಬಿಡಿಸಬೇಡಿ. ಶಾಲೆ, ಗೆಳತಿಯರು, ಮಧ್ಯಾಹ್ನದ ಊಟದ ಸಾಲು, ಇದೇ ಮಗುವಿನ ಹಳೆಯ ಜಗತ್ತು, ಅದು ಇನ್ನೂ ಇದೆ ಅಂತ ಗೊತ್ತಾಗಲಿ. ಶಾಲೆಯಲ್ಲೇ ನಡೆದದ್ದಾದರೆ ಮಾತು ಬೇರೆ, ಆಗ ಶಾಲೆ ಬದಲಿಸಲು ನಾವೇ ಪತ್ರ ಕೊಡುತ್ತೇವೆ.

ಮೊದಲ ಸಲ ಬರುವಾಗ ಏನು ತರಬೇಕು?

ಹೊರರೋಗಿ ಚೀಟಿ ಮಾಡಿಸಿ. ಕ್ಯೂ ಇರುತ್ತದೆ, ಬೆಳಿಗ್ಗೆ ಒಂಬತ್ತರೊಳಗೆ ಬನ್ನಿ. ದೂರ ಇದ್ದು ಬರಲಾಗದಿದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿಗೆ ಇಷ್ಟದ ತಿಂಡಿ, ನೀರಿನ ಬಾಟ್ಲಿ, ಒಂದು ಆಟದ ಸಾಮಾನು ತನ್ನಿ, ಕಾಯುವ ಹೊತ್ತು ಜಾಸ್ತಿ. ನೆಂಟರ ದಂಡು ಬೇಡ, ಇಬ್ಬರು ಬಂದರೆ ಸಾಕು.

ಜಾತ್ರೆಗೆ ಹೋಗ್ತಿದ್ದೀವಿ, ಐಸ್‌ಕ್ರೀಮ್ ಕೊಡಿಸ್ತೀನಿ ಅಂತ ಸುಳ್ಳು ಹೇಳಿ ಕರೆತರಬೇಡಿ. "ಒಬ್ಬರು ಆಂಟಿ ಇದ್ದಾರೆ, ಅವರ ಹತ್ರ ಮಕ್ಕಳು ಆಟ ಆಡ್ತಾರೆ, ಮಾತಾಡ್ತಾರೆ. ಸೂಜಿ ಚುಚ್ಚಲ್ಲ. ನಿನಗೆ ಬೇಡ ಅನ್ನಿಸಿದ್ರೆ ವಾಪಸ್ ಬರೋಣ" ಅಂತ ಹೇಳಿ. ಬೇಡ ಅಂದರೆ ನಿಜವಾಗಲೂ ವಾಪಸ್ ಕರೆದುಕೊಂಡು ಹೋಗಿ. ಹಾಗೆ ಹೋದವರು ಮುಂದಿನ ವಾರ ಬಂದಿದ್ದಾರೆ, ಚೌಕಾಬಾರದ ಕವಡೆ ಎಲ್ಲಿ ಅಂತ ಬಾಗಿಲಲ್ಲೇ ಕೇಳಿದ್ದಾರೆ.